ಕಟಾವು ಮಷಿನ್‌ನ ಹಿಂದಿನ ಗಾಲಿಗೂ ಕೆಲಸ ಹಚ್ಚಿದೆ: ಇಲ್ಲಿಯ ತನಕದ ಕಥೆ

ಹೋದ ಸೀಜನ್‌ನಲ್ಲಿ ನಮ್ಮ ನೆಲ್ಲು ಕಟಾವು ಮಷಿನ್ ಮೂರು ಸಲ ರಾಡಿಯಲ್ಲಿ ಹೂತುಕೊಂಡಿತು. ಮೂರನೇ ಸಲ ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆದರೂ ಬರಲಿಲ್ಲ. ಕೊನೆಗೆ ಪಕ್ಕದ ಹೊಲದಲ್ಲಿದ್ದ, ಗಾಲಿ ಬದಲು ಪಟ್ಟಿಯ ಮೇಲೆ ಓಡುವ ಚೈನ್ ಮಷಿನ್‌ನವನನ್ನು ಕೈಮುಗಿದು ಕರೆತಂದೆವು. ಎಳೆದುಕೊಟ್ಟ. ದುಡ್ಡು ತಗೊಳ್ಳಲಿಲ್ಲ, ಆದರೆ ಹೋಗುವಾಗ ನಕ್ಕ. ಆ ನಗು ನೋಡಿಯೇ ಈ ಕೆಲಸಕ್ಕೆ ಕೈ ಹಾಕಿದೆ.

ಕೊಪ್ಪಳ ಜಿಲ್ಲೆಯ ನಮ್ಮ ಕಾರಟಗಿ ಕಡೆಯ ನೆಲ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಕಪ್ಪು ಎರೆ ಮಣ್ಣು. ಒಣಗಿದರೆ ಕೈ ತೂರುವಷ್ಟು ಬಿರುಕು, ನೆನೆದರೆ ಬೆಣ್ಣೆ. ಕೊಯ್ಲಿಗೆ ಮೊದಲೇ ನಾವು ನೀರು ನಿಲ್ಲಿಸಿ ಗದ್ದೆ ಆರಿಸಿರುತ್ತೇವೆ. ಮೇಲಿನ ಮಡಿಯವನು ನೀರು ಕಟ್ಟಿರುತ್ತಾನೆ, ಅದು ಬಸಿದು ನಮ್ಮಲ್ಲಿಗೆ ಬರುತ್ತದೆ. ಇದರ ಮೇಲೆ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೋ, ಮುಗಿಯಿತು. ನೆಲ್ಲೂ ಮಲಗುತ್ತದೆ, ಮಷಿನ್ನೂ ಮಲಗುತ್ತದೆ. ಚೈನ್ ಮಷಿನ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಸಾಲ ತೀರಿಸೋರು ಯಾರು? ಅದನ್ನು ಊರಿಂದ ಊರಿಗೆ ಸಾಗಿಸಲು ಲಾರಿ ಬೇರೆ ಬೇಕು. ನಮ್ಮ ಹಳೇ ಟೈರ್ ಮಷಿನ್ ತನ್ನ ಗಾಲಿ ಮೇಲೆ ತಾನೇ ಸಿಂಧನೂರು, ಸಿರುಗುಪ್ಪ ಸುತ್ತಿ ಬರುತ್ತದೆ.

ಟೈರ್ ಮಷಿನ್‌ನಲ್ಲಿ ಎಳೆಯುವುದು ಮುಂದಿನ ದೊಡ್ಡ ಗಾಲಿಗಳು ಮಾತ್ರ. ಹಿಂದಿನ ಸಣ್ಣವು ಸ್ಟಿಯರಿಂಗ್‌ಗೆ. ರೈಸ್ ಮಿಲ್ಲಿನ ವೇಬ್ರಿಡ್ಜ್ ಮೇಲೆ ಬರೀ ಹಿಂದಿನ ಗಾಲಿ ನಿಲ್ಲಿಸಿ ತೂಗಿಸಿದೆ. 2,400 ಕೆ.ಜಿ. ಬಂತು. ಇಷ್ಟು ಭಾರ ಹೊತ್ತ ಸಣ್ಣ ಗಾಲಿ ರಾಡಿಯಲ್ಲಿ ಎಲ್ಲಿ ಉರುಳುತ್ತದೆ? ಮಣ್ಣು ದಬ್ಬಿಕೊಂಡು ನೇಗಿಲಿನ ಹಾಗೆ ಬರುತ್ತದೆ. ಮುಂದಿನ ಗಾಲಿ ಆ ನೇಗಿಲನ್ನೂ ಎಳೆಯಬೇಕು. ಅಲ್ಲಿಗೆ ಸ್ಲಿಪ್ ಶುರು.

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದಲ್ಲಿ ಕಂಬೈನ್‌ಗಳಿಗೆ (ಇಂಥದೇ ಕಟಾವು ಮಷಿನ್) ಹಿಂದಿನ ಡ್ರೈವ್ ಹಾಕಿಸುವುದು ಹಳೇ ಮಾತು. ಮಡ್ ಹಾಗ್ ಅನ್ನೋ ಹೆಸರಿನ ಕಿಟ್ಟೇ ಇದೆ. ಕೆಸರು ಹಂದಿ! ಹೆಸರಿಟ್ಟವನು ಗದ್ದೆಗೆ ಇಳಿದವನೇ ಇರಬೇಕು.

ಮೇ ತಿಂಗಳು

ಮೊದಲು ಹೊಳೆದದ್ದು ಫೋರ್ ವೀಲ್ ಟ್ರ್ಯಾಕ್ಟರ್‌ನ ಮುಂದಿನ ಆಕ್ಸಲ್ ತಂದು ಹಿಂದೆ ಕೂರಿಸೋದು. ಗುಜರಿಯಲ್ಲಿ ಒಂದು ಸಿಕ್ಕಿತ್ತು ಕೂಡ. ಆದರೆ ಅದಕ್ಕೆ ಶಾಫ್ಟ್ ಕೊಡೋದು ಎಲ್ಲಿಂದ? ನಮ್ಮ ಗೇರ್‌ಬಾಕ್ಸ್‌ನಲ್ಲಿ ಹಿಂದಕ್ಕೆ ದಾರಿಯೇ ಇಲ್ಲ. ಹತ್ತು ದಿನ ವ್ಯರ್ಥ. ಕೈಬಿಟ್ಟೆ.

ಉಳಿದದ್ದು ಹೈಡ್ರಾಲಿಕ್, ಅಂದರೆ ಪಂಪಿನಿಂದ ಎಣ್ಣೆ ಒತ್ತಿ ಗಾಲಿ ತಿರುಗಿಸೋದು. ಇದರ ಲೆಕ್ಕ ನನಗೆ ಬಹಳ ಖುಷಿ ಕೊಟ್ಟಿತು, ಅದಕ್ಕೇ ಪೂರ್ತಿ ಬರೆಯುತ್ತೇನೆ. ಹಿಂದಕ್ಕೆ 9.5-24 ಅಳತೆಯ ಗುಬ್ಬಿ ಟೈರ್ (ಮೈಮೇಲೆ ದಪ್ಪ ಉಬ್ಬು ಇರುವುದು) ಹಾಕಿದೆ. ಸುಣ್ಣದ ಗುರುತು ಮಾಡಿ ಒಂದು ಸುತ್ತು ಉರುಳಿಸಿದರೆ 3.05 ಮೀಟರ್. ರಾಡಿಯಲ್ಲಿ ನಾವು ಕೊಯ್ಯುವುದು ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ. ಅಂದರೆ ಗಾಲಿ ನಿಮಿಷಕ್ಕೆ ಹದಿಮೂರೂವರೆ ಸುತ್ತು. ಸುತ್ತಿಗೆ 800 ಸಿಸಿ ಎಣ್ಣೆ ಕುಡಿದು ಅದರ ಒತ್ತಡಕ್ಕೆ ತಿರುಗುವ ಆರ್ಬಿಟಲ್ ಮೋಟರ್ ಎರಡು ಹಾಕಿದರೆ ನಿಮಿಷಕ್ಕೆ ಸುಮಾರು 22 ಲೀಟರ್ ಬೇಕು. ಸುತ್ತಿಗೆ 16 ಸಿಸಿ ಕೊಡುವ ಗೇರ್ ಪಂಪನ್ನು ಬೆಲ್ಟ್ ಕಟ್ಟಿ 1,500 ಆರ್‌ಪಿಎಂನಲ್ಲಿ ತಿರುಗಿಸಿದರೆ 24 ಲೀಟರ್ ಬರುತ್ತದೆ. ಬೇಕಾದದ್ದಕ್ಕಿಂತ ಒಂದು ಚೂರು ಜಾಸ್ತಿ. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟುಕೊಡುವ ರಿಲೀಫ್ ವಾಲ್ವ್ 150 ಬಾರ್‌ಗೆ ಇಟ್ಟೆ. ಆ ಒತ್ತಡಕ್ಕೆ ಎರಡೂ ಗಾಲಿ ಸೇರಿ ಸುಮಾರು 700 ಕೆ.ಜಿ. ಬಲದಲ್ಲಿ ತಳ್ಳುತ್ತವೆ. ಇನ್ನೂ ಏರಿಸಬಹುದಿತ್ತು. ಆದರೆ 2,400 ಕೆ.ಜಿ. ಭಾರದ ಗಾಲಿ ರಾಡಿಯಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯೋದಿಲ್ಲ, ಸುಮ್ನೆ ಗಿರಗಿರ ಸುತ್ತುತ್ತದೆ. ಎಂಜಿನ್‌ಗೆ ಬೀಳುವ ಹೊರೆ ಹತ್ತು ಎಚ್‌ಪಿ ಒಳಗೇ.

ಜೂನ್, ಜುಲೈ

ಆರ್ಬಿಟಲ್ ಮೋಟರ್ ಶಾಫ್ಟ್ ಮೇಲೆ ಮಷಿನ್ ಭಾರ ಬಿಡುವ ಹಾಗಿಲ್ಲ, ಒಳಗಿನ ಬೇರಿಂಗ್ ಹೋಗುತ್ತದೆ. ಇದಕ್ಕೆ ದಾರಿ ತೋರಿಸಿದವರು ಗಂಗಾವತಿಯ ಲೇತ್ ಚಾಚಾ. ನಾನು ಬರೆದುಕೊಂಡು ಹೋಗಿದ್ದ ಚಿತ್ರವನ್ನು ಒಂದು ನಿಮಿಷ ನೋಡಿದರು, ಅದರಲ್ಲೇ ಬೆರಳಿನ ಗ್ರೀಸ್ ಒರೆಸಿಕೊಂಡರು.

"ತಮ್ಮಾ, ಲಾರಿ ಹಿಂದಿನ ಹೌಸಿಂಗ್ ನೋಡೀಯಿಲ್ಲೋ? ಭಾರ ಹೊರೋದು ಹೌಸಿಂಗು, ತಿರುಗಿಸೋದು ಆಕ್ಸಲ್ಲು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಂಗಿಲ್ಲ."

ಅದೇ ಮಾಡಿದೆವು. ಗಾಲಿ ಕೂರುವ ಹಳೇ ಗಟ್ಟಿ ಸ್ಟಬ್ ಆಕ್ಸಲ್ ತೆಗೆದು, ಗುಜರಿ ಲಾರಿಯ ಟೊಳ್ಳು ಸ್ಪಿಂಡಲ್ ಕತ್ತರಿಸಿ ಅಲ್ಲಿ ಕೂರಿಸಿದೆವು. ಹಬ್ಬು, ಬೇರಿಂಗು ಅದರ ಮೇಲೆ. ಮೋಟರ್ ಒಳಬದಿಗೆ. ಅದರಿಂದ 40 ಎಂಎಂ ಶಾಫ್ಟ್ ಟೊಳ್ಳಿನೊಳಗಿಂದ ಹೊರಬಂದು ಹಬ್ಬಿನ ಮುಚ್ಚಳವನ್ನು ತಿರುಗಿಸುತ್ತದೆ. ಮುಚ್ಚಳದಲ್ಲಿ ಒಂದು ಪಿನ್. ಲಾರಿ ಟೋ ಮಾಡುವಾಗ ಆಕ್ಸಲ್ ಎಳೆದಿಡುತ್ತಾರಲ್ಲ, ಹಾಗೆ ರೋಡಿಗೆ ಹತ್ತುವ ಮೊದಲು ಈ ಪಿನ್ ಕಿತ್ತರೆ ಗಾಲಿ ಬೇರೆ, ಮೋಟರ್ ಬೇರೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಪ್ರತಿ ಮೋಟರ್ ನಿಮಿಷಕ್ಕೆ 87 ಲೀಟರ್ ಎಣ್ಣೆ ತಿರುವಬೇಕಾಗುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಅದು ಆಗದ ಮಾತು.

ಆಗದ ಮಾತು ಅಂತ ಲೆಕ್ಕದಲ್ಲಿ ಬರೆದಿದ್ದೆ. ಡ್ರೈವರ್‌ಗೆ ಹೇಳಿರಲಿಲ್ಲ. ಒಂದು ಸಂಜೆ ಪಿನ್ ತೆಗೆಯದೆ ಹೆದ್ದಾರಿ ಹತ್ತಿಸಿದ. ಒಂದು ಕಿಲೋಮೀಟರ್ ಹೋಗುವುದರೊಳಗೆ ಸೀಲ್ ಒಡೆದು ಎಣ್ಣೆ ರೋಡೆಲ್ಲಾ ಚೆಲ್ಲಿತು. ಬೈದು ಏನು ಪ್ರಯೋಜನ, ತಪ್ಪು ನಂದೇ. ಈಗ ಪಿನ್ ಹಾಕಿದ್ದಾಗಲೆಲ್ಲಾ ಸ್ಟಿಯರಿಂಗ್‌ಗೆ ಅವ್ವನ ಹಳೇ ಕೆಂಪು ಸೀರೆಯ ಚೂರು ಕಟ್ಟುತ್ತೇವೆ.

ಸೆಪ್ಟೆಂಬರ್

ಪರೀಕ್ಷೆ ಮಾಡಲು ಬೀಳು ಬಿದ್ದ ಮಡಿಗೆ ಎರಡು ದಿನ ನೀರು ಕಟ್ಟಿದೆ. ನೋಡಲು ಅರ್ಧ ಊರೇ ಬಂದಿತ್ತು. ಮೋಟರ್‌ಗೆ ಎಣ್ಣೆ ಬಿಡುವ ವಾಲ್ವ್ ಎಳೆದೆ. ಎಡಗಾಲಿ ಸುತ್ತಿ ಸುತ್ತಿ ರಾಡಿಯನ್ನು ನಮ್ಮ ಮಾವನ ಬಿಳಿ ಅಂಗಿ ತನಕ ಎರಚಿತು. ಬಲಗಾಲಿ ಅಲ್ಲಾಡಲಿಲ್ಲ. ಎಣ್ಣೆಯೂ ಮನುಷ್ಯರ ಹಾಗೆಯೇ, ಸಲೀಸಾದ ದಾರಿ ಹುಡುಕುತ್ತದೆ. ಎರಡು ಮೋಟರ್‌ಗೂ ಒಂದೇ ಲೈನಿನಿಂದ ಕವಲು ಕೊಟ್ಟಿದ್ದೆ. ಜಾರುವ ಗಾಲಿಗೆ ಎಣ್ಣೆಯೆಲ್ಲಾ ಹೋಯಿತು, ಹಿಡಿತ ಇದ್ದ ಗಾಲಿಗೆ ಒತ್ತಡವೇ ಏರಲಿಲ್ಲ. ಮಾವ ಅಂಗಿ ನೋಡಿಕೊಂಡು, "ಅಳಿಯಾ, ಇದು ಹೊಲ ಉಳೋದಕ್ಕಾ, ಹೋಳಿ ಆಡೋದಕ್ಕಾ?" ಅಂದರು.

ಪರಿಹಾರ ಗೇರ್ ಫ್ಲೋ ಡಿವೈಡರ್. ಒಂದೇ ಶಾಫ್ಟ್ ಮೇಲೆ ಎರಡು ಜೊತೆ ಗೇರ್, ಎಣ್ಣೆಯನ್ನು ಸರಿಯಾಗಿ ಅರ್ಧ ಅರ್ಧ ಅಳೆದು ಕೊಡುತ್ತದೆ. ಒಂದು ಗಾಲಿ ಜಾರಿದರೂ ಇನ್ನೊಂದರ ಪಾಲು ಅದಕ್ಕೇ. ತಿರುವಿನಲ್ಲಿ ಹೊರಗಾಲಿ ಜಾಸ್ತಿ ಓಡಬೇಕಲ್ಲ, ಅದಕ್ಕೆ ಎರಡು ಲೈನಿನ ನಡುವೆ ಸಣ್ಣ ತೂತಿನ ಜೋಡಣೆ ಕೊಟ್ಟೆ. ಮುಂದಿನ ಗಾಲಿ ಪಂಪಿಗಿಂತ ಜೋರಾಗಿ ಎಳೆದುಕೊಂಡು ಹೋದಾಗ ಮೋಟರ್ ಬರಿದಾಗಬಾರದು. ಟ್ಯಾಂಕಿನಿಂದ ಎಣ್ಣೆ ಹೀರಿಕೊಳ್ಳಲು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವುದು) ಹಾಕಿದ್ದು ಅದಕ್ಕೆ.

ನವೆಂಬರ್

ನಿಜವಾದ ಕೊಯ್ಲು. ಹೋದ ವರ್ಷ ಹೂತಿದ್ದ ಅದೇ ಮೂಲೆಗೆ ಬೇಕಂತಲೇ ಹೋದೆವು. ಮುಂದಿನ ಗಾಲಿ ಜಾರಲು ಶುರುವಾದ ಕೂಡಲೇ ಡ್ರೈವರ್ ವಾಲ್ವ್ ಎಳೆದ. ಹಿಂದಿನಿಂದ ಯಾರೋ ಹೆಗಲು ಕೊಟ್ಟ ಹಾಗೆ ಮಷಿನ್ ಸಾವಕಾಶ ಮುಂದೆ ಬಂತು. ಗುಬ್ಬಿಗಳ ನಡುವೆ ಹುಲ್ಲು, ರಾಡಿ ಸುತ್ತಿ ಗಾಲಿ ರೊಟ್ಟಿ ಹಿಟ್ಟಿನ ಮುದ್ದೆಯಾಗಿತ್ತು, ಆದರೂ ತಿರುಗುತ್ತಿತ್ತು.

ಎಲ್ಲಾ ಸರಿ ಅಂತಲ್ಲ. ಎರಡನೇ ದಿನ ಟ್ಯಾಂಕ್ ತುಂಬಾ ನೆಲ್ಲು ಇಟ್ಟುಕೊಂಡು ಹೊಟ್ಟೆ ತನಕ ಕೂತುಬಿಟ್ಟೆವು. ಆ ತೂಕವೆಲ್ಲಾ ಮುಂದಿನ ಗಾಲಿ ಮೇಲೆ. ನೆಲ್ಲು ಇಳಿಸಿ, ರಿವರ್ಸ್‌ನಲ್ಲಿ ಹಿಂದಿನ ಗಾಲಿ ಸಹಾಯದಿಂದ ನಾವೇ ಹೊರಗೆ ಬಂದೆವು, ಟ್ರ್ಯಾಕ್ಟರ್ ಕರೆಯಲಿಲ್ಲ. ಆದರೆ ಎಣ್ಣೆ ಟ್ಯಾಂಕ್ ಮುಟ್ಟಲು ಆಗುತ್ತಿರಲಿಲ್ಲ. ಗಾಲಿ ನಿಂತು ರಿಲೀಫ್ ವಾಲ್ವ್ ಮೇಲೆಯೇ ಎಣ್ಣೆ ಹರಿದರೆ ನಮ್ಮ 40 ಲೀಟರ್ ಎಣ್ಣೆ ನಿಮಿಷಕ್ಕೆ ಸುಮಾರು 5 ಡಿಗ್ರಿ ಬಿಸಿ ಏರುತ್ತದೆ. ಹಳೇ ಲಾರಿಯ ರೇಡಿಯೇಟರ್ ಒಂದನ್ನು ಕೂಲರ್ ಮಾಡಬಹುದಾ ಅಂತ ಕೇಳಿದ್ದಕ್ಕೆ ಚಾಚಾ ಬೈದರು, ಅದು ಈ ಒತ್ತಡ ತಡೆಯಂಗಿಲ್ಲ ಅಂತ. ಸರಿಯಾದ ಆಯಿಲ್ ಕೂಲರೇ ತರಬೇಕು.

ಇನ್ನೊಂದು ಚಿಂತೆ ಹಿಂದಿನ ಆಕ್ಸಲ್‌ನ ನಡುವಿನ ಪಿನ್. ಅದು ಮೊದಲು ಭಾರ ಹೊರುತ್ತಿತ್ತು, ಈಗ ತಳ್ಳುವ ಹೊರೆಯೂ ಅದರ ಮೇಲೆ. ಜ್ಯಾಕ್ ಕೊಟ್ಟು ಗಾಲಿ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಚಾಚಾ ಬುಶ್ (ಪಿನ್ ಸುತ್ತ ಕೂರುವ ಬಳೆ) ಅಳತೆ ತಗೊಂಡು ಸೋಮವಾರ ಬಾ ಅಂದಿದ್ದಾರೆ. ಚಾಚಾನ ಸೋಮವಾರ ಅಂದರೆ ಗುರುವಾರ.