ಮೂಲೆಯ ಕುರ್ಚಿಯಲ್ಲಿ ಕೂತವರು

ನಾನು ಎಮರ್ಜೆನ್ಸಿ ವಾರ್ಡ್‌ನಲ್ಲಿ ನರ್ಸ್. ಹೆಚ್ಚಾಗಿ ಟ್ರಯಾಜ್ ಮೇಜಿನ ಹತ್ತಿರ ಇರುತ್ತೇನೆ. ಬಂದವರಲ್ಲಿ ಯಾರನ್ನು ಮೊದಲು ಒಳಗೆ ಕಳಿಸಬೇಕು ಅಂತ ಅಲ್ಲೇ ತೀರ್ಮಾನ ಆಗುತ್ತದೆ. ಒಂದರಿಂದ ಐದರವರೆಗೆ ನಂಬರ್ ಕೊಡುತ್ತೇವೆ. ಒಂದು ಅಂದರೆ ಈಗಿಂದೀಗಲೇ. ಐದು ಅಂದರೆ ಕಾಯಬಹುದು.

ಒಂದು ರಾತ್ರಿ ಬೆರಳು ಕುಯ್ದುಕೊಂಡು ಬಂದಿದ್ದ ಒಬ್ಬರು ಮೇಜಿನ ಮುಂದೆ ನಿಂತು ಕೂಗಾಡುತ್ತಿದ್ದರು. ರಕ್ತ ಆಗಲೇ ನಿಂತಿತ್ತು. ಅವರ ಹಿಂದೆ, ಮೂಲೆಯ ಕುರ್ಚಿಯಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಚೀಟಿ ಹಿಡಿದು ಸುಮ್ನೆ ಕೂತಿದ್ದರು. ನಾನೇ ಹೋಗಿ ಕೇಳಿದೆ. "ಏನಿಲ್ಲಮ್ಮ, ದವಡೆ ನೋವು, ಸ್ವಲ್ಪ ಸುಸ್ತು. ಮೊದಲು ಅವರನ್ನ ನೋಡಿ" ಅಂದರು. ಕೈ ಹಿಡಿದೆ, ತಣ್ಣಗಿತ್ತು. ಕತ್ತಿನ ಹಿಂದೆ ಬೆವರು ಇಳಿದು ಬಟ್ಟೆ ಒದ್ದೆಯಾಗಿತ್ತು.

ಹೃದಯಾಘಾತದ ಅನುಮಾನ ಇದ್ದರೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅವರು ಬಂದು 25 ನಿಮಿಷ ಆಗಿತ್ತು. ಇಸಿಜಿ ಕಾಗದದಲ್ಲಿ ಹೃದಯದ ಕೆಳಭಾಗವನ್ನು ತೋರಿಸುವ 2, 3, ಎವಿಎಫ್ ಅನ್ನುವ ಮೂರು ಸಾಲುಗಳಲ್ಲೂ, ಎಸ್‌ಟಿ ಅನ್ನುವ ಭಾಗದಲ್ಲಿ ಗೆರೆ ಮೇಲೆದ್ದಿತ್ತು. ಹೃದಯಾಘಾತವೇ. ಅವರು ಉಳಿದುಕೊಂಡರು. ಆದರೆ ತಡವಾದ ಆ 15 ನಿಮಿಷ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಸೈನಿಕನ ದರ್ಜೆ ನೋಡಬೇಡಿ, ಗಾಯ ನೋಡಿ ಅನ್ನುವ ಕ್ರಮವನ್ನು ನೆಪೋಲಿಯನ್ ಸೇನೆಯ ಸರ್ಜನ್ ಡೊಮಿನಿಕ್ ಲಾರೆ ತಂದು 200 ವರ್ಷ ದಾಟಿತು. ಕಾನೂನೂ ಜೊತೆಗೆ ಬಂತು. ತುರ್ತು ಸ್ಥಿತಿಯಲ್ಲಿ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ ಅಂತ ಅಮೆರಿಕ 1986ರಲ್ಲೇ ಕಾಯ್ದೆ ಮಾಡಿತು. ಇಂಥ ನಿಯಮಗಳಿಂದಲೇ ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ. ನನಗೆ ಈ ಕೆಲಸದ ಮೇಲೆ ಪ್ರೀತಿ ಇರುವುದೂ ಅದಕ್ಕೇ.

ಆದರೆ ಬಾಗಿಲು ತೆರೆದಿಟ್ಟರೆ ಸಾಕಾಗಲ್ಲ. ಒಳಗೆ ಬಂದ ಮೇಲೂ ದನಿ ಎತ್ತುವವರ ಕಡೆಗೇ ಕಣ್ಣು ಹೋಗುತ್ತದೆ. ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಸುಸ್ತು, ವಾಕರಿಕೆ, ದವಡೆ ನೋವಾಗಿ ಬರುತ್ತದೆ, ನಾವು ಎದೆನೋವಿಗೇ ಕಾಯುತ್ತೇವೆ. ರಕ್ತದ ಆಕ್ಸಿಜನ್ ಅಳೆಯೋಕೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಕ್ಸಿಜನ್ ಕಡಿಮೆ ಇದ್ದರೂ ಆಕ್ಸಿಮೀಟರ್ ಸರಿಯಿದೆ ಅಂತ ತೋರಿಸಿದ್ದು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಆಕ್ಸಿಮೀಟರ್ 94 ಅಂದರೂ ರೋಗಿ ಏದುಸಿರು ಬಿಡುತ್ತಿದ್ದರೆ ನಾನು ನಂಬುವುದು ರೋಗಿಯನ್ನೇ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಸಕ್ಕರೆ ಕಾಯಿಲೆಯ ಹುಡುಗನೊಬ್ಬ ಮೂರು ತಿಂಗಳಲ್ಲಿ ಎರಡು ಸಲ ಬಂದ. ಎರಡು ಸಲವೂ ಆಳವಾದ ಉಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಹೆಚ್ಚಾಗಿರುವ ಗುರುತು ಅದು. ಡ್ರಿಪ್ ಹಾಕಿ, ಇನ್ಸುಲಿನ್ ಕೊಟ್ಟು, ಐಸಿಯುನಲ್ಲಿಟ್ಟು ಉಳಿಸಿದ್ದಾಯ್ತು. ಐಸಿಯುನಲ್ಲಿ ಅಷ್ಟು ದಿನ ಇಟ್ಟುಕೊಳ್ಳುತ್ತೇವೆ, ಆದರೆ ಒಂದು ತಿಂಗಳ ಇನ್ಸುಲಿನ್ ಕೈಗೆ ಸಿಗೋ ಹಾಗೆ ಮಾಡೋಕೆ ಆಗಲ್ಲ ಅಂದ್ರೆ ಹೇಗೆ? ಸಾಯೋ ಸ್ಥಿತಿಗೆ ಬಂದರೆ ಮಾತ್ರ ಚಿಕಿತ್ಸೆ ಅನ್ನೋದು ನ್ಯಾಯ ಅಲ್ಲ, ಅಲ್ವಾ?

ಎರಡನೇ ಸಲ ಅವನು ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ. "ಮನೆಯಲ್ಲಿ ಇನ್ಸುಲಿನ್ ಎಷ್ಟು ದಿನಕ್ಕಿದೆ?"

ಸ್ವಲ್ಪ ಹೊತ್ತು ನೆಲ ನೋಡಿದ. "ಎರಡು ದಿನಕ್ಕೆ ಸಿಸ್ಟರ್" ಅಂದ.

ಅವನನ್ನು ಕುರ್ಚಿಯಲ್ಲಿ ಕೂರಿಸಿ ಡಾಕ್ಟರನ್ನು ಕರೆಯೋಕೆ ಹೋದೆ.