ಆ ಸ್ಕಾಲರ್‌ಶಿಪ್ ನಮಗೂ ಸಿಗುತ್ತಾ?

ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೇ ಈ ಪ್ರಶ್ನೆ ಬರುತ್ತದೆ. "ಅಕ್ಕಾ, ಸ್ಕೂಲ್ ಸೈಕಾಲಜಿ ಓದೋರಿಗೆ ಮೈನಾರಿಟಿ ಸ್ಕಾಲರ್‌ಶಿಪ್ ಇದೆಯಂತಲ್ಲ, ನಮಗೂ ಸಿಗುತ್ತಾ? ಅಮೆರಿಕದಲ್ಲಿ ನಾವು ಎಲ್ಲಾ ಕಡೆ ಇದ್ದೀವಿ ಅಲ್ವಾ?" ಕೇಳುವವರಲ್ಲಿ ಇಲ್ಲೇ ಹುಟ್ಟಿ ಬೆಳೆದವರಿದ್ದಾರೆ. ಊರಲ್ಲಿ ಎಂ.ಎಸ್ಸಿ. ಮುಗಿಸಿ ವೀಸಾ ಮೇಲೆ ಬಂದವರೂ ಇದ್ದಾರೆ. ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಮೊದಲು ಆ "ಎಲ್ಲಾ ಕಡೆ" ಅನ್ನುವುದನ್ನು ನೋಡೋಣ. ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದೇವೆ, ಆಸ್ಪತ್ರೆಗಳಲ್ಲಿದ್ದೇವೆ. ಮಕ್ಕಳ ಕಲಿಕೆ, ಮನಸ್ಸು ಪರೀಕ್ಷೆ ಮಾಡಿ ನೋಡುವ ಶಾಲೆಯ ಸೈಕಾಲಜಿಸ್ಟ್ ಕೋಣೆಯಲ್ಲಿ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಇಲ್ಲಿನ ಸ್ಕೂಲ್ ಸೈಕಾಲಜಿಸ್ಟ್‌ಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಜನ ಬಿಳಿಯರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಳಿಯರಲ್ಲ. ಊರಲ್ಲಾದರೆ ತಹಶೀಲ್ದಾರರ ಕಚೇರಿಯ ಜಾತಿ ಪ್ರಮಾಣಪತ್ರ ಕೈಯಲ್ಲಿದ್ದರೆ ಯಾವ ಕೋರ್ಸಿಗಾದರೂ ಅದೇ ನಡೆಯುತ್ತದೆ. ಇಲ್ಲಿ ಲೆಕ್ಕ ಬೇರೆ. ಆ ಒಂದು ಕಸುಬಿನಲ್ಲಿ ನಿಮ್ಮವರು ಎಷ್ಟು ಜನ ಅನ್ನುವುದು ಮುಖ್ಯ. ಇಂಜಿನಿಯರಿಂಗ್‌ನಲ್ಲಿ ತುಂಬಿ ತುಳುಕುವ ನಾವು ಇಲ್ಲಿ ಬೆರಳೆಣಿಕೆ.

ಇಂಥ ದುಡ್ಡು ಇಡಬೇಕು ಅಂತ ಯಾಕೆ ಅನ್ನಿಸಿತು? ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಐಕ್ಯೂ ಟೆಸ್ಟ್ ಕೊಟ್ಟು, ಬುದ್ಧಿಮಾಂದ್ಯರ ತರಗತಿಗೆ ಹಾಕುತ್ತಿದ್ದರು. ಡಯಾನಾ ಎಂಬ ಹುಡುಗಿಯ ಹೆಸರಿನಲ್ಲಿ ನಡೆದ ಕೇಸು 1970ರಲ್ಲಿ ರಾಜಿಯಾಯಿತು. ಅವರ ಭಾಷೆಯಲ್ಲೇ ಮತ್ತೆ ಪರೀಕ್ಷೆ ಮಾಡಿದಾಗ ಆ ಕೇಸಿನ ಬಹುತೇಕ ಮಕ್ಕಳು ಆ ತರಗತಿಗೆ ಸೇರಿದವರೇ ಅಲ್ಲ ಅಂತ ಗೊತ್ತಾಗಿತ್ತು. ಆಮೇಲೆ ಇದೇ ಐಕ್ಯೂ ಟೆಸ್ಟ್ ವಿಷಯಕ್ಕೆ ಸ್ಯಾನ್‌ಫ್ರಾನ್ಸಿಸ್ಕೋದ ಕಪ್ಪು ಮಕ್ಕಳ ಪರವಾಗಿ 'ಲ್ಯಾರಿ ಪಿ.' ಕೇಸು ಬಂತು. 1971ರಲ್ಲಿ ಹಾಕಿದ್ದು. 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕಮ್ ಮಕ್ಕಳ ಪರ ತೀರ್ಪು ಕೊಟ್ಟರು. ಟೆಸ್ಟ್ ಮಾಡಿದವರೆಲ್ಲ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಎದುರಿಗೆ ಕೂತ ಮಗುವಿನ ಮನೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಆ ಕೋಣೆಯಲ್ಲಿ ಇರಲಿಲ್ಲ.

ನಾನು ಇಂಟರ್ನ್ ಆಗಿದ್ದಾಗ ಇದನ್ನು ಕಣ್ಣಾರೆ ನೋಡಿದೆ. ಒಂದು ಶಾಲೆಯಲ್ಲಿ ಹಾಸನದ ಕಡೆಯಿಂದ ಬಂದ ಮಗುವಿನ ಬಗ್ಗೆ ಮೀಟಿಂಗ್. ದುಭಾಷಿ ಇರಲಿಲ್ಲ, ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಶಾಲೆಯವರು ಹೇಳುತ್ತಾ ಹೋದರು, ಈಕೆ ಪ್ರತಿ ಮಾತಿಗೂ "ಹ್ಞೂಂ, ಹ್ಞೂಂ" ಅನ್ನುತ್ತಾ ಕೂತರು. ಕೊನೆಗೆ "ಅಮ್ಮ ಒಪ್ಪಿದ್ದಾರೆ" ಅಂತ ಸಹಿಗೆ ಕಾಗದ ಮುಂದೆ ತಳ್ಳಿದರು. ನಾನು ತಡೆಯಲಾರದೆ ಕೇಳಿದೆ, "ಒಪ್ಪಿಗೆನಾ ನಿಮಗೆ?" ಆಕೆ ಗಾಬರಿಯಾದರು. "ಯಾವುದಕ್ಕೆ? ಅವರು ಹೇಳ್ತಾ ಇದ್ರು, ನಾನು ಕೇಳಿಸ್ಕೋತಾ ಇದ್ದೆ." ಆ ಕಾಗದಕ್ಕೆ ಅವತ್ತು ಸಹಿ ಬೀಳಲಿಲ್ಲ. ಮಗುವನ್ನು ಎರಡು ವಾರದ ಮೇಲೆ ಮತ್ತೆ ನೋಡಿದೆವು, ಈ ಸಲ ಕನ್ನಡದಲ್ಲೂ ಮಾತಾಡಿಸಿದೆವು.

ಇನ್ನು ದುಡ್ಡು. ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕೂಲ್ ಸೈಕಾಲಜಿಸ್ಟ್ಸ್, ಅಂದರೆ 1969ರಲ್ಲಿ ಶುರುವಾದ 'ನ್ಯಾಸ್ಪ್', ನಡೆಸಿಕೊಂಡು ಬಂದ ಸ್ಕಾಲರ್‌ಶಿಪ್ಪೇ ಎಲ್ಲರ ಬಾಯಲ್ಲಿರುವುದು. ಒಳ್ಳೆಯದೇ. ಆದರೆ ಅದೊಂದನ್ನೇ ನಂಬಿ ಸೀಟು ಒಪ್ಪಿಕೊಳ್ಳಬೇಡಿ. ಕೋರ್ಸು ಕನಿಷ್ಠ 60 ಕ್ರೆಡಿಟ್, ಸಾಮಾನ್ಯವಾಗಿ 3 ವರ್ಷ. ಕೊನೆಯ ವರ್ಷ 1,200 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ ಕನಿಷ್ಠ 600 ಗಂಟೆ ಶಾಲೆಯಲ್ಲೇ ಆಗಬೇಕು. ಇಷ್ಟಕ್ಕೆಲ್ಲ ಒಂದು ಸ್ಕಾಲರ್‌ಶಿಪ್ ಎಲ್ಲಿ ಸಾಲುತ್ತದೆ? ನಿಜವಾಗಿ ಕೈ ಹಿಡಿಯುವುದು ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್. ಪ್ರೊಫೆಸರ್ ಜೊತೆ ವಾರಕ್ಕಿಷ್ಟು ಗಂಟೆ ಕೆಲಸ ಮಾಡಿದರೆ ಫೀಸಿನಲ್ಲಿ ಸ್ವಲ್ಪ ಅಥವಾ ಪೂರ್ತಿ ಮಾಫಿ, ಮೇಲೆ ಕೈಖರ್ಚು. ವೀಸಾ ಮೇಲೆ ಬಂದವರಿಗೂ ಇದು ಸಿಗಬಹುದು. ಅವರು ಮೊದಲು ಇದನ್ನೇ ಕೇಳಬೇಕು.

ಸಿಟಿಜನ್‌ಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಇನ್ನೊಂದು ದಾರಿ ಇದೆ. ಸ್ಪೆಷಲ್ ಎಜುಕೇಷನ್‌ಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳ ಶಿಕ್ಷಣಕ್ಕೆ, ಜನರನ್ನು ತಯಾರು ಮಾಡಲು ಫೆಡರಲ್ ಶಿಕ್ಷಣ ಇಲಾಖೆ ಯೂನಿವರ್ಸಿಟಿಗಳಿಗೆ ಗ್ರಾಂಟ್ ಕೊಡುತ್ತದೆ. ಅದರಲ್ಲಿ ಓದಿದರೆ ಒಂದು ವರ್ಷದ ನೆರವಿಗೆ ಎರಡು ವರ್ಷ ಆ ಕ್ಷೇತ್ರದಲ್ಲಿ ದುಡಿಯಬೇಕು, ಇಲ್ಲದಿದ್ದರೆ ದುಡ್ಡು ವಾಪಸ್. ಸರ್ಕಾರದ ದುಡ್ಡಿನ ಮೇಲೆ ಕಣ್ಣು ಇಟ್ಟೇ ಇರಿ. 2022ರಲ್ಲಿ ಶಾಲೆಗಳ ಮಾನಸಿಕ ಆರೋಗ್ಯಕ್ಕೆ 100 ಕೋಟಿ ಡಾಲರ್ ಇಟ್ಟರು. 2025ರ ಏಪ್ರಿಲ್‌ನಲ್ಲಿ ಅದೇ ಗ್ರಾಂಟ್‌ಗಳನ್ನು ನಿಲ್ಲಿಸುತ್ತೇವೆ ಅಂತ ಪತ್ರ ಬಂತು, ವಿಷಯ ಕೋರ್ಟಿಗೆ ಹೋಯಿತು. ಸಾಲದ ಕಥೆಯೂ ಬದಲಾಗಿದೆ. ಫೀಸು ಎಷ್ಟಿದ್ದರೂ ಸರ್ಕಾರ ಕೊಡುತ್ತಿದ್ದ 'ಗ್ರಾಡ್ ಪ್ಲಸ್' ಸಾಲ ಹೊಸಬರಿಗೆ 2026ರ ಜುಲೈ 1ರಿಂದ ಬಂದ್. ಹಾಗಾಗಿ ಯೂನಿವರ್ಸಿಟಿ ಹೆಸರು ನೋಡಿ ಮರುಳಾಗಬೇಡಿ, ಫೀಸು ನೋಡಿ.

2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಸೇರ್ಪಡೆಯಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿದ ಮೇಲೆ ಸ್ಕಾಲರ್‌ಶಿಪ್ ಅರ್ಜಿಗಳ ಭಾಷೆಯೂ ಹಲವು ಕಡೆ ಬದಲಾಯಿತು. "ನೀವು ಯಾರು" ಅನ್ನುವ ಜಾಗದಲ್ಲಿ "ಏನು ಅನುಭವಿಸಿದ್ದೀರಿ" ಬಂದಿದೆ. ಅಲ್ಲೇ ನಮ್ಮ ಹುಡುಗಿಯರು ಎಡವುವುದು. ಒಬ್ಬಳು ತೋರಿಸಿದ ಪ್ರಬಂಧದಲ್ಲಿ ಐದು ಸಾವಿರ ವರ್ಷದ ಸಂಸ್ಕೃತಿ, ಭರತನಾಟ್ಯ, ದೀಪಾವಳಿ ಎಲ್ಲಾ ಇತ್ತು. ಮಗು ಒಂದೂ ಇರಲಿಲ್ಲ. "ಇದನ್ನ ಬಿಡು ಪುಟ್ಟಿ, ಶಾಲೆಯಲ್ಲಿ ನಿನಗೇನಾಯ್ತು ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಹೇಳಿದಳು: ಎರಡನೇ ಕ್ಲಾಸಿನಲ್ಲಿ ಇವಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಒಂದು ವರ್ಷ ಬೇರೆ ಕೋಣೆಗೆ ಕಳಿಸಿದ್ದರಂತೆ. ಮನೆಯಲ್ಲಿ ಅಜ್ಜಿಗೆ ಬಂದ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಕನ್ನಡದಲ್ಲಿ ಹೇಳುತ್ತಿದ್ದವಳು ಅವಳೇ.

ಅದನ್ನೇ ಬರೆದಳು. ಸ್ಕಾಲರ್‌ಶಿಪ್ ಸಿಗಲಿಲ್ಲ. ಅದೇ ಪುಟವನ್ನು ಡಿಪಾರ್ಟ್‌ಮೆಂಟಿಗೂ ಕಳಿಸಿದ್ದಳು, ಎರಡು ಭಾಷೆಯ ಮಕ್ಕಳ ಬಗ್ಗೆ ಕೆಲಸ ಮಾಡುವ ಪ್ರೊಫೆಸರ್ ಒಬ್ಬರು ಕರೆದು ಅಸಿಸ್ಟೆಂಟ್‌ಶಿಪ್ ಕೊಟ್ಟರು. ಈಗ ಎರಡನೇ ವರ್ಷದಲ್ಲಿದ್ದಾಳೆ. ಸ್ಕಾಲರ್‌ಶಿಪ್‌ಗೆ ಈ ವರ್ಷವೂ ಅರ್ಜಿ ಹಾಕುತ್ತಾಳಂತೆ.