ಲೆಕ್ಕಕ್ಕೆ ಸಿಗದ ಆರು ಕೆ.ಜಿ.

ಸಂಕ್ರಾಂತಿಗೆ ಒಂದು ವಾರವಿತ್ತು. ಅಜ್ಜಿಗೆ ಮಂಡಿನೋವು ಹೆಚ್ಚಾಗಿದೆ ಎಂದು ಅಪ್ಪ ಫೋನ್ ಮಾಡಿದ್ದರಿಂದ ಆ ಭಾನುವಾರ ಮೈಸೂರಿನಿಂದ ಊರಿಗೆ ಹೋಗಿ ಅವರೆಕಾಯಿ ಚಪ್ಪರದಲ್ಲಿ ಕುಳಿತೆ. ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆಗೆ ಬರುವಾಗ ಸರ್ವಿಸ್ ರಸ್ತೆಯ ಪಕ್ಕದಲ್ಲಿ ನಾಲ್ಕು ಗಳ ನೆಟ್ಟು ತೆಂಗಿನ ಗರಿ ಹೊದಿಸಿರುವುದೇ ನಮ್ಮ ಅಂಗಡಿ. ಧನುರ್ಮಾಸದಲ್ಲಿ ಎದ್ದದ್ದು ಶಿವರಾತ್ರಿಯ ಹೊತ್ತಿಗೆ ಮಲಗುತ್ತದೆ.

ನಾಲೆಯ ನೀರು ಹರಿಯುವ ಗದ್ದೆಯಲ್ಲಿ ನಮ್ಮದು ಎಲ್ಲರಂತೆ ಭತ್ತ, ಕಬ್ಬು. ಮೇಲಿನ ಮುಕ್ಕಾಲು ಎಕರೆಯಲ್ಲಿ ಮಾತ್ರ ತಾತನ ಕಾಲದಿಂದಲೂ ತರಕಾರಿ. ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆಯನ್ನು ಅಪ್ಪ ಒಮ್ಮೆ ಹಾಕಿದ್ದರು. ಇಳುವರಿ ಚೆನ್ನಾಗಿಯೇ ಬಂತು. ಅಜ್ಜಿ ಒಂದು ಕಾಯಿಯನ್ನು ಮೂಸಿ ನೋಡಿ, ಏನೂ ಹೇಳದೆ ಬುಟ್ಟಿಗೆ ಹಾಕಿದಳು. ಮರುವರ್ಷ ಬೂದಿಯಲ್ಲಿ ಕಲಸಿಟ್ಟಿದ್ದ ನಾಟಿ ಬೀಜದ ಮಡಕೆಯನ್ನು ತಂದು ಅಪ್ಪನ ಮುಂದಿಟ್ಟಳು. ಅದು ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ಯಾವಾಗ ಬಿತ್ತಿದರೂ ಅದಕ್ಕೆ ಚಳಿಗಾಲವೇ ಬೇಕು. ಆದ್ದರಿಂದಲೇ ನಮ್ಮ ಅಂಗಡಿಗೂ ಒಂದು ಕಾಲವಿದೆ.

ಮೊದಲು ಕಾರುಗಳು ನಿಲ್ಲುತ್ತಿದ್ದವು, ಐದೈದು ಕೆ.ಜಿ. ಒಯ್ಯುತ್ತಿದ್ದವು. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಅವು ಬೇಲಿಯಾಚೆ ಹಾರಿಹೋಗುತ್ತವೆ. ಆ ವರ್ಷದ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಅಲ್ಲಿಗೆ ಬಿಡದಿರುವುದರಿಂದ ಅವೆಲ್ಲ ನಮ್ಮ ಪಾಲಿಗೆ ಬಂದವು. ಈಗಿನ ಗಿರಾಕಿಗಳು ಅರ್ಧ ಕೆ.ಜಿ.ಯವರು. ಚಿಲ್ಲರೆ ವ್ಯಾಪಾರಕ್ಕೆ ತಕ್ಕಡಿ ಕರಾರುವಾಕ್ಕಾಗಿರಬೇಕು ಎಂದು ನಾನೇ ಮೈಸೂರಿನಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದರ ಗುಂಡಿಗಳೆಲ್ಲ ಸೊಗಡಿನ ಅಂಟಿಗೆ ಕಪ್ಪಾಗಿ, ಒತ್ತಿದರೆ ಬೆರಳನ್ನೇ ಬಿಡುತ್ತಿರಲಿಲ್ಲ.

ಹಾಲಿನ ಕ್ಯಾನು ಕಟ್ಟಿದ ಬೈಕಿನವನೊಬ್ಬ ಅರ್ಧ ಕೆ.ಜಿ. ಕೇಳಿದ. ತಕ್ಕಡಿ 508 ಗ್ರಾಂ ತೋರಿಸಿತು. ನಾನು ಒಂದು ಕಾಯಿಯನ್ನು ತೆಗೆದೆ. 501. ಸಮಾಧಾನವಾಯಿತು. ಅಜ್ಜಿ ಕುಳಿತಲ್ಲಿಂದಲೇ ಕೈ ಚಾಚಿ ಎರಡು ಹಿಡಿ ಕಾಯಿಯನ್ನು ಅವನ ಚೀಲಕ್ಕೆ ಸುರಿದಳು.

ಅವನು ಹೋದ ಮೇಲೆ ಅವಳು ಕೇಳಿದಳು: "ಏನವ್ವ, ಅವನ ಕಣ್ಣೆದುರಿಗೇ ಹಾಕಿದ ಕಾಯಿಯನ್ನು ತೆಗೆದುಕೊಂಡೆಯಲ್ಲ?"

"ಜಾಸ್ತಿಯಾಗಿತ್ತು ಅಜ್ಜಿ."

"ಜಾಸ್ತಿಯಾಗಲಿ ಎಂದೇ ಕೊಸರು ಹಾಕುವುದು."

ಆಮೇಲೆ ನಾನು ತೂಗುವುದು, ಅವಳು ಕೊಸರು ಹಾಕುವುದು, ನಾನು ಕೆಕ್ಕರಿಸುವುದು. ದಿನ ಹೀಗೆಯೇ ಕಳೆಯಿತು. ಒಬ್ಬಾಕೆ ಚೌಕಾಸಿ ಮಾಡಿ ಐದು ರೂಪಾಯಿ ಇಳಿಸಿದ್ದಲ್ಲದೆ ಕೊಸರನ್ನೂ ಕೇಳಿ ಪಡೆದಳು. ಅವಳಿಗೆ ಬೇಕೆಂದೇ ಹುಳುಕು ಕಾಯಿಯನ್ನು ಹಾಕಿಬಿಡೋಣ ಎನ್ನಿಸಿತು. ಹಾಕಲಿಲ್ಲ, ಅಜ್ಜಿ ನೋಡುತ್ತಿದ್ದಳು.

ರಾತ್ರಿ ಜಗಲಿಯಲ್ಲಿ ಲೆಕ್ಕಕ್ಕೆ ಕುಳಿತೆ. ಬೆಳಿಗ್ಗೆ ತಂದದ್ದು 40 ಕೆ.ಜಿ. ಬಂದ ದುಡ್ಡು ಹೆಚ್ಚುಕಡಿಮೆ 34 ಕೆ.ಜಿ.ಯದ್ದು. ಚೀಲ ಖಾಲಿ. "ಒಂದು ದಿನಕ್ಕೆ ಆರು ಕೆ.ಜಿ. ಪುಕ್ಕಟೆ! ಇಡೀ ಸುಗ್ಗಿಗೆ ಎಷ್ಟಾಯಿತು ನೋಡಿ," ಎಂದು ಅಪ್ಪನ ಮುಂದೆ ಪುಸ್ತಕ ಹಿಡಿದೆ. ಅಜ್ಜಿ ಹಿತಕಿದ ಬೇಳೆ ಸಾರಿಗೆಂದು ನೆನೆಹಾಕಿದ ಕಾಳನ್ನು ಹಿಸುಕುತ್ತ, ಕೇಳಿಸದವಳಂತೆ ಕುಳಿತಿದ್ದಳು. ಬೆರಳ ಸಂದಿಯಿಂದ ಬೇಳೆ ಚಿಮ್ಮಿ ತಟ್ಟೆಗೆ ಟಪಟಪನೆ ಬೀಳುತ್ತಿತ್ತು.

ಅಪ್ಪ ಒಳಗೆ ಹೋಗಿ ಟ್ರಂಕಿನಿಂದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕವೊಂದನ್ನು ತಂದರು. ತಾತನದು, 1987ರದು. ಪ್ರತಿ ಪುಟದಲ್ಲೂ ನೀಲಿ ಶಾಯಿಯಲ್ಲಿ ಮೂರು ಸಾಲು: ತಂದದ್ದು, ಮಾರಿದ್ದು, ಮೂರನೆಯದು "ಅವಳ ಕೊಸರು". ನಾನು ಗಟ್ಟಿಯಾಗಿ ಓದಿದೆ. ನಾಲ್ಕು ಕೆ.ಜಿ., ಏಳು ಕೆ.ಜಿ., ಐದೂವರೆ. ಅಜ್ಜಿಗೆ ಓದಲು ಬರುವುದಿಲ್ಲ.

ಅವಳ ಕೈ ನಿಂತಿತು.

"ಬರೆದಿಡುತ್ತಿದ್ದರೇ?" ಎಂದಳು. ಮುಖದಲ್ಲಿ ನಿಜವಾದ ಸಿಟ್ಟಿತ್ತು. "ಅವರು ಆ ಕಡೆ ತಿರುಗಿದಾಗಲೇ ಹಾಕುತ್ತಿದ್ದೆನಲ್ಲ ನಾನು!"